ಎ ಬ್ಲಾಕಿನ ಪೂರ್ವದ ಬಾಗಿಲು

ಡ್ರಮ್ಮು ತಿರುಗಿಸಿ ತೆಗೆದ ಚೀಟಿಯನ್ನು ಬಿಡಿಸಿದ ಅಧಿಕಾರಿ ಮೈಕಿಗೆ ಬಾಯಿಟ್ಟು, "ಹಜೀರಾಬಿ, ಕಡೂರು ಟೌನ್. ಎ ಬ್ಲಾಕು, ಎರಡನೇ ಮಹಡಿ, ಪೂರ್ವದ ಬಾಗಿಲು!" ಎಂದು ಕೂಗಿದಾಗ ಶಾಮಿಯಾನದ ಕೆಳಗೆ ಕೂತಿದ್ದ ಅರ್ಧ ಜನ ತಿರುಗಿ ನೋಡಿದರು. ಸುಮಯ್ಯ ತಲೆಯ ಮೇಲಿನ ದುಪಟ್ಟಾವನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು. ಅತ್ತೆಯ ಹೆಸರು ಮೈಕಿನಲ್ಲಿ ಬಂದದ್ದಕ್ಕೆ ಸೊಸೆಗೆ ನಾಚಿಕೆ. ಹಜೀರಾಬಿಗೆ ಅಂಥದ್ದೇನೂ ಇರಲಿಲ್ಲ; ಎದ್ದು ನಿಂತು, ಮದುವೆ ಮನೆಯಲ್ಲಿ ನೆಂಟರನ್ನು ಮಾತಾಡಿಸುವವರ ಹಾಗೆ ಸುತ್ತಲೂ ಕೈ ಎತ್ತಿದರು.

"ಪೂರ್ವದ ಬಾಗಿಲು ಅಂದ್ರೆ ಸುಮ್ನೇನಾ? ಪುಣ್ಯ ಮಾಡಿದ್ರಿ ಕಣಮ್ಮ," ಎಂದು ಪಕ್ಕದ ಕುರ್ಚಿಯ ಹೆಂಗಸು ನಿಟ್ಟುಸಿರಿಟ್ಟಳು. ಯಗಟಿ ಕಡೆಯ ಅಂಗನವಾಡಿ ಟೀಚರು ಪಂಕಜಾಕ್ಷಿ. ಅವಳಿಗೆ ಆಗಲೇ ಬಿ ಬ್ಲಾಕಿನ ದಕ್ಷಿಣದ ಬಾಗಿಲಿನ ಮನೆ ಬಂದಿತ್ತು. ಬಂದಾಗಿನಿಂದ ಅವಳ ಗಂಡ ಕಲ್ಲೇಶಪ್ಪ ಚಪ್ಪಾಳೆ ತಟ್ಟುವುದನ್ನು ನಿಲ್ಲಿಸಿದ್ದ.

ಬೀರೂರು ರಸ್ತೆಯ ಈ ಕಟ್ಟಡಗಳಿಗೆ ಜಾಗ ಸರ್ಕಾರದ್ದು, ಕಟ್ಟಿದ್ದು ಕಂಪನಿ. ಅರ್ಧ ಮನೆಗಳು ಪೇಟೆ ರೇಟಿಗೆ. ಇನ್ನರ್ಧಕ್ಕೆ ಚೀಟಿ, ಸಬ್ಸಿಡಿ, ಬಾಡಿಗೆಯಷ್ಟೇ ಬೀಳುವ ಬ್ಯಾಂಕಿನ ಕಂತು. ಗೋಡೆ, ಟೈಲ್ಸು, ನಲ್ಲಿ ಎಲ್ಲರಿಗೂ ಒಂದೇ. ಬಾಗಿಲು ನೋಡಿ ಒಳಗಿರುವವರು ಯಾವ ಅರ್ಧದವರು ಎಂದು ಯಾರೂ ಹೇಳುವ ಹಾಗಿರಲಿಲ್ಲ. ಸುಮಯ್ಯಳಿಗೆ ಹಿಡಿಸಿದ್ದೇ ಅದು. ಮದುವೆಯಾಗಿ ಬಂದಂದಿನಿಂದ ಅವಳು ಇದ್ದದ್ದು ವಠಾರದಲ್ಲಿ. ನಾಲ್ಕು ಸಂಸಾರಕ್ಕೆ ಒಂದೇ ಕಕ್ಕಸು, ಅದೂ ಅಂಗಳದ ಆಚೆ. ಬಕೆಟ್ಟು ಹಿಡಿದು ಅಷ್ಟು ಜನರ ಕಣ್ಣೆದುರು ಅಂಗಳ ದಾಟುವಾಗ ಪ್ರತಿ ಬೆಳಿಗ್ಗೆಯೂ ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.

ಸಂಜೆ ಐದರೊಳಗೆ ಮನೆ ನೋಡಿ, ಒಪ್ಪಿ, ಸಹಿ ಹಾಕಬೇಕು. ಹಾಕದಿದ್ದರೆ ಮನೆ ಕಾಯುತ್ತಿರುವ ಮುಂದಿನವರಿಗೆ.

ಹಜೀರಾಬಿ ಬಿಸ್ಮಿಲ್ಲಾ ಹೇಳಿ ಬಲಗಾಲಿಟ್ಟು ಒಳಗೆ ಹೋದರು. ಅಡುಗೆಕಟ್ಟೆಯನ್ನು ಅಂಗೈಯಿಂದ ಸವರಿದರು. ಕಿಟಕಿ ಎಳೆದು ನೋಡಿದರು. "ಮಾಶಾ ಅಲ್ಲಾಹ್" ಎನ್ನುತ್ತಲೇ ಬಚ್ಚಲ ಬಾಗಿಲು ತೆರೆದವರು ಅಲ್ಲೇ ನಿಂತುಬಿಟ್ಟರು. ಇಳಿಹೊತ್ತಿನ ಬಿಸಿಲು ಗೂಡುಕಿಟಕಿಯಿಂದ ನೇರ ಒಳಗೆ ಬಂದು ಕಮೋಡಿನ ಮೇಲೆ ಬಿದ್ದು ಫಳಫಳ ಹೊಳೆಯುತ್ತಿತ್ತು. ಕೂತವರ ಮುಖ ಸರಿಯಾಗಿ ಪಶ್ಚಿಮಕ್ಕೆ. ನಮಾಜಿಗೆ ಮುಖ ಮಾಡುವ ದಿಕ್ಕಿಗೆ!

"ಯಾ ಅಲ್ಲಾಹ್," ಎಂದು ಬಾಗಿಲು ಮುಚ್ಚಿದರು.

ರಸ್ತೆ ಬದಿಗೆ ಕಟ್ಟಿದ್ದ ಮಾದರಿ ಮನೆಯನ್ನು ಅವರು ನೋಡಿ ಹೋಗಿದ್ದರು. ಅಲ್ಲಿ ಕಮೋಡು ಉತ್ತರಕ್ಕಿತ್ತು. "ಎಲ್ಲಾ ಮನೇನೂ ಹಿಂಗೇ ಇರುತ್ತೆ" ಎಂದು ಕಂಪನಿಯವರು ಹೇಳಿದ್ದು ಸುಳ್ಳೂ ಅಲ್ಲ. ಮನೆ ಹಾಗೇ ಇತ್ತು, ಬ್ಲಾಕು ಮಾತ್ರ ಅಡ್ಡ ತಿರುಗಿ ನಿಂತಿತ್ತು. ಮಸೀದಿ ಎಷ್ಟು ದೂರ, ನೀರು ಯಾವಾಗ ಬರುತ್ತದೆ ಎಂದೆಲ್ಲ ವಿಚಾರಿಸಿದ್ದ ಮನೆಮಂದಿಗೆ ಇದೊಂದು ಹೊಳೆದಿರಲಿಲ್ಲ.

"ಅಮ್ಮಿ, ಒಂಚೂರು ಓರೆಯಾಗಿ ಕೂತ್ಕೊಂಡ್ರೆ ಆಗಲ್ವಾ?" ಎಂದ ಮಗ ಅಜ್ಮತ್.

"ಎಷ್ಟು ವರ್ಷ ಓರೆ ಕೂರ್ಲೋ? ಸಾಲ ತೀರೋವರೆಗಾ?"

ಅಜ್ಮತ್ ಹೋಗಿ ಸೈಟ್ ಎಂಜಿನಿಯರ್ ಸತೀಶನನ್ನು ಹಿಡಿದುಕೊಂಡು ಬಂದ. "ಸಾರ್, ಇದನ್ನ ಹಿಂಗಿಂದ ಹಂಗೆ ತಿರುಗ್ಸಕ್ಕೆ ಆಗುತ್ತಾ?"

"ಅದೇನ್ ಟೇಬಲ್ ಫ್ಯಾನಾ ತಿರುಗ್ಸಕ್ಕೆ? ಪೈಪು ಸ್ಲ್ಯಾಬೊಳಗೆ ಹೋಗಿದೆ ಕಣ್ರೀ. ಸಬ್ಸಿಡಿ ಮನೆ ಬೇರೆ, ಐದು ವರ್ಷ ಒಂದು ಇಟ್ಟಿಗೆ ಅಲ್ಲಾಡಿಸೋ ಹಂಗಿಲ್ಲ. ಬಿ ಬ್ಲಾಕಲ್ಲಿ ಯಾರಾದ್ರೂ ಒಪ್ಪಿದ್ರೆ ಅದಲು ಬದಲು ಮಾಡ್ಕೊಳ್ಳಿ. ಐದರೊಳಗೆ."

ಅವನು ಹೋದ ಮೇಲೆ ಹಜೀರಾಬಿ ಮೆತ್ತಗೆ ಹೇಳಿದರು: "ಹೆಸರು ನಂದು, ಸಹಿ ನಂದು. ನಾನು ಹಾಕಲ್ಲ. ಕರ್ಕೊಂಡು ಹೋಗೋ ಮನೆಗೆ."

ಮನೆಗೆ ಅಂದರೆ ವಠಾರಕ್ಕೆ. "ಒಂದ್ನಿಮಿಷ ಇರಿ," ಎಂದ ಸುಮಯ್ಯ ಗಂಡನ ಉತ್ತರಕ್ಕೂ ಕಾಯದೆ ಮೆಟ್ಟಿಲಿಳಿದಳು. ಹೊರಗೆ ಒಬ್ಬಳೇ ಹೋಗಿ ಯಾರನ್ನಾದರೂ ಏನಾದರೂ ಕೇಳಿದ್ದು ಅವಳಿಗೇ ನೆನಪಿರಲಿಲ್ಲ.

ಅಂಗಳದ ಇನ್ನೊಂದು ಬದಿಯ ಬಿ ಬ್ಲಾಕಿನಲ್ಲೂ ಎರಡನೇ ಮಹಡಿಯಲ್ಲಿ ಗಲಾಟೆ ನಡೆದಿತ್ತು. ಪಂಕಜಾಕ್ಷಿಯ ಅತ್ತೆ ಈಶ್ವರಮ್ಮ, ಹಣೆ ತುಂಬ ವಿಭೂತಿಯ ಮುದುಕಿ, ಹೊಸ್ತಿಲಾಚೆಯೇ ನಿಂತು ಗೋಡೆ ಹಿಡಿದುಕೊಂಡಿದ್ದರು.

"ದಕ್ಷಿಣದ ಬಾಗಿಲು! ಯಮನ ದಿಕ್ಕು. ನಾನು ಒಳಗೆ ಕಾಲಿಡಾಕಿಲ್ಲ."

"ಲಿಫ್ಟು ಕೆಟ್ಟೈತೆ ಕಣವ್ವ. ಯಮ ಎರಡನೇ ಮಹಡಿ ಹತ್ಕೊಂಡು ಬರಲ್ಲ, ಬಾ," ಎಂದು ಕಲ್ಲೇಶಪ್ಪ ಗೋಗರೆಯುತ್ತಿದ್ದ.

"ನಗ್ಬ್ಯಾಡ ಲೇ. ನಾನು ಹತ್ತಿಲ್ವಾ? ನನಗಿಂತ ಮುದುಕನಾ ಅವನು?"

ಸುಮಯ್ಯ ಪಂಕಜಾಕ್ಷಿಯನ್ನು ಪಕ್ಕಕ್ಕೆ ಕರೆದಳು. "ಟೀಚರೇ, ನಮ್ಮನೆ ನೀವು ತಗೊಳ್ಳಿ. ನಿಮ್ದು ನಮಗೆ ಕೊಡಿ."

ಪಂಕಜಾಕ್ಷಿಯ ಮುಖ ಅರಳಿತು. ಅರಳಿದಷ್ಟೇ ಬೇಗ ಮುದುಡಿತು. "ಪೂರ್ವದ ಬಾಗಿಲು ಬಿಟ್ಟು ಇದನ್ನ ಕೇಳ್ತೀರಾ? ಯಾಕೆ?"

"ಈ ಕಡೆ... ಗಾಳಿ ಚೆನ್ನಾಗಿದೆ."

"ಗಾಳಿ? ಅಲ್ಲಿಗೂ ಇಲ್ಲಿಗೂ ಕೂಗಳತೆ. ಗಾಳಿ ಇಲ್ಲಷ್ಟೇ ಬೀಸುತ್ತಾ?" ಪಂಕಜಾಕ್ಷಿ ಗಂಡನನ್ನು ಕರೆದಳು. "ಏನ್ರೀ, ಇವ್ರು ಬಿಟ್ಕೊಡ್ತಾರಂತೆ."

ಕಲ್ಲೇಶಪ್ಪ ತೆಂಗಿನಕಾಯಿ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರು. ತಾನಾಗಿ ಬರುವ ಲಾಭವನ್ನು ತಟ್ಟಿ ನೋಡದೆ ಒಪ್ಪಿದವನಲ್ಲ. "ಸೋರುತ್ತಾ? ಗೋಡೆ ಬಿರುಕು ಬಿಟ್ಟೈತಾ? ಐಬಿಲ್ದೆ ಯಾರಮ್ಮ ಪೂರ್ವ ಬಿಡ್ತಾರೆ? ಬ್ಯಾಡ ಪಂಕಜಾ, ಇದರಾಗೆ ಏನೋ ಐತೆ."

"ಸೋರಲ್ಲ. ಏನಿಲ್ಲ."

"ಮತ್ಯಾಕೆ, ಹೇಳಿ."

ಸುಮಯ್ಯ ನೆಲ ನೋಡಿದಳು. ಎದುರಿಗೆ ಗಂಡಸು, ಹಿಂದೆ ಮುದುಕಿ, ಮೆಟ್ಟಿಲ ಮೇಲೆ ಕಿವಿ ಚಾಚಿ ನಿಂತ ಪಕ್ಕದ ಮನೆಯವರು. ಹೇಳದಿದ್ದರೆ ವಠಾರ. ಅವಳು ಪಂಕಜಾಕ್ಷಿಯ ಭುಜ ಹಿಡಿದು ಬಗ್ಗಿಸಿ, ಕಿವಿಗೆ ಬಾಯಿಟ್ಟು ಎರಡೇ ಮಾತಿನಲ್ಲಿ ಹೇಳಿಬಿಟ್ಟಳು.

ಪಂಕಜಾಕ್ಷಿ ಮೊದಲು ಕಣ್ಣರಳಿಸಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗು ಸೆರಗಿನ ಸಂದಿಯಿಂದ ನುಗ್ಗಿತು.

"ಏನಂತೆ? ಲೇ ಪಂಕಜಾ, ಏನಂತೆ?" ಈಶ್ವರಮ್ಮನ ಕಿವಿ ಮಂದ.

"ಅವರ ಕಕ್ಕಸು ದೇವರ ಕಡೆ ಮುಖ ಮಾಡೈತಂತೆ ಅತ್ತೇ!" ಅಂಗನವಾಡಿ ಟೀಚರ ದನಿ, ಮೂರು ಮಹಡಿಗೂ ಕೇಳಿತು.

ಸುಮಯ್ಯಳ ಕಿವಿ ಕಾದ ಹಂಚಾಯಿತು. ಆದರೆ ಈಶ್ವರಮ್ಮ ನಗಲಿಲ್ಲ. "ಹೌದಾ? ಪಾಪ, ಅದೆಂಗೆ ಕೂರಾದು?" ಎಂದು ಗಂಭೀರವಾಗಿ ತಲೆಯಾಡಿಸಿ, ಮಗನ ಕಡೆ ತಿರುಗಿದರು. "ಅವರಿಗೆ ಹಿಂದ್ಲ ಬಾಗಿಲ ತಾಪತ್ರಯ, ನಮಗೆ ಮುಂದ್ಲದು. ಇನ್ನೇನೋ ನೋಡ್ತಿ? ಹೋಗು ಹೋಗು, ಸಾಹೇಬ ಎದ್ದುಬಿಟ್ಟಾನು!"

ಕಲ್ಲೇಶಪ್ಪನೂ ಹೆಂಡತಿಯನ್ನು ಹುಡುಕಿಕೊಂಡು ಬಂದ ಅಜ್ಮತ್ತೂ ಶಾಮಿಯಾನಕ್ಕೆ ಓಡಿದರು. ಕುರ್ಚಿ ಮಡಚುತ್ತಿದ್ದವರನ್ನು ನಿಲ್ಲಿಸಿದರು. ಹಿಂದೆಯೇ ಬಂದ ಹಜೀರಾಬಿ ಅದಲು ಬದಲಿನ ಕಾಗದಕ್ಕೆ ಸಹಿ ಹಾಕಿದರು. ಒಂದೊಂದು ಅಕ್ಷರಕ್ಕೂ ಪೆನ್ನೆತ್ತಿ, ಚೆಂದ ಬಂತೇ ಎಂದು ನೋಡಿ, ಮತ್ತೆ ಮುಂದಿನದು. ಅಧಿಕಾರಿ ಗಡಿಯಾರ ನೋಡಿಕೊಂಡರು.

ಹೊತ್ತಿಳಿಯುವಾಗ ಹಜೀರಾಬಿ ಬಿ ಬ್ಲಾಕಿನ ಬಾಗಿಲ ಮುಂದೆ, ಕಂಬಿಗೆ ಕೈಯೂರಿ ನಿಂತಿದ್ದರು. ಅಂಗಳದಾಚೆ ಎ ಬ್ಲಾಕಿನ ಪಡಸಾಲೆಯಲ್ಲಿ ಈಶ್ವರಮ್ಮ ಕಾಲು ನೀಡಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ತಲೆಯೆತ್ತಿ ಇವರನ್ನು ಕಂಡು, ಸುಣ್ಣದ ಬೆರಳಿನಲ್ಲೇ ಎಲೆಯನ್ನು ಮೇಲೆತ್ತಿ ಹಿಡಿದರು. ಬೇಕಾ?

ಹಜೀರಾಬಿ ಬೇಕೆಂದು ಜೋರಾಗಿ ತಲೆಯಾಡಿಸಿದರು. ಸೊಸೆಯ ಕಡೆ ನೋಡಿದರು.

ಸುಮಯ್ಯ ಇಳಿದಳು. ಇನ್ನೂ ಕಲ್ಲು ಹಾಸದ ಅಂಗಳದಲ್ಲಿ ಜಲ್ಲಿಯ ರಾಶಿ ದಾಟುವಷ್ಟರಲ್ಲಿ, ಆ ಕಡೆಯಿಂದ ಪಂಕಜಾಕ್ಷಿ ಚಪ್ಪಲಿಯಿಲ್ಲದ ಕಾಲನ್ನು ಕಲ್ಲಿನ ಮೇಲೆ ಹಗುರಾಗಿ ಊರುತ್ತ, ಮಡಚಿದ ಎಲೆ ಉದುರದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದಳು.