ಎಕೆಕೊ ಎದೆ ಮೇಲಿನ ಸ್ಪ್ಯಾನರ್ ಡಬ್ಬಿ

ಬೆಟ್ಟದ ಮೇಲಿರೋ ನಮ್ಮ ಎಲ್ ಆಲ್ತೊ ಊರಲ್ಲಿ ಗಾಳಿ ಹೆಂಗೆ ಬೀಸುತ್ತೆ ಅಂದ್ರೆ, ಒಂದ್ಸಲ ಬೆಳಿಗ್ಗೆ ನನ್ನ ಟೋಪಿ ಹಾರಿಸ್ಕೊಂಡು ಹೋಗಿ, ಸಾಯಂಕಾಲ ಅದರ ತುಂಬ ಬೇರೆ ಯಾರದೋ ಹೇನು ತುಂಬಿ ವಾಪಸ್ ತಂದ್ಕೊಡ್ತು. ಅಂಥಾ ಗಾಳಿಗೂ ನನ್ನ ತಂಗಿ ರುಫಿನಾ ಕಂಡ್ರೆ ಭಯ. ಅವಳ ಬಾಗಿಲ ಹತ್ರ ಬಂದ್ರೆ ಮೆತ್ತಗಾಗುತ್ತೆ. ಜೋರಾಗಿ ಬೀಸಿದ್ರೆ ಅವಳು ಹೊರಗೆ ಬಂದು, ನಿನ್ನ ಯಾರು ಕಳ್ಸಿದ್ದು ಅಂತ ಕೇಳ್ತಾಳಲ್ಲ.

ಅವಳು ಸಂತೇಲಿ ಆಲೂಗಡ್ಡೆ ಮಾರ್ತಾಳೆ. ಚೀಲದ ಬಾಯಿಗೆ ಅವಳು ಬಿಗಿಯೋ ಗಂಟು ಊರಲ್ಲಿ ಇನ್ಯಾರಿಗೂ ಬರಲ್ಲ, ಯಾರಿಗೂ ಕಲಿಸೋದೂ ಇಲ್ಲ. ಒಬ್ಬ ಕಳ್ಳ ಅದನ್ನ ಬಿಚ್ಚೋಕೆ ಅಂತ ಕೂತೋನು, ಬೆಳಗಾದ್ರೂ ಆಗದೆ, ಅವಳನ್ನೇ ಎಬ್ಬಿಸಿ ನೀನೇ ಬಿಚ್ಕೊಡು ತಾಯಿ ಅಂತ ಕೈ ಮುಗಿದ. ಬೇಕಾದ್ರೆ ಆ ಕಳ್ಳನ್ನೇ ಕೇಳಿ, ಈಗ ಅವಳ ಹತ್ರಾನೇ ಆಲೂಗಡ್ಡೆ ತಗೋತಾನೆ.

ಇವಳಿಗೆ ಒಬ್ಳೇ ಮಗಳು, ಮಾರ್ಲೆನಿ. ಡಿಸೆಂಬರಲ್ಲಿ ಸ್ಕೂಲು ಮುಗಿಸಿದ್ಲು. ಮುಂದೆ ಏನು ಓದ್ಬೇಕು ಅನ್ನೋದು ರುಫಿನಾ ಪಾಲಿಗೆ ತೀರ್ಮಾನ ಆಗೋಗಿದ್ದ ಮಾತು. ಲಾಯರ್ ಆಗ್ಬೇಕು. ಯಾಕಂದ್ರೆ ಸಂತೇಲಿ ಇವಳ ಜಾಗಕ್ಕೆ ಅಕ್ಕಪಕ್ಕದೋರು ವರ್ಷ ವರ್ಷ ಒಂಚೂರು ಒಂಚೂರು ನುಗ್ತಾ ಬರ್ತಿದ್ರು. ಸಂಘದೋರ ಹತ್ರ ಹೋದ್ರೆ ಅವ್ರು ಏನೋ ಕಾನೂನು ಓದಿ ಹೇಳೋರು, ಇವಳು ತಲೆ ಆಡಿಸ್ಕೊಂಡು ಬರೋಳು. ಮನೇಲೊಬ್ಳು ಲಾಯರ್ ಇದ್ರೆ ಆಗ ತಲೆ ಆಡಿಸೋ ಸರದಿ ಅವ್ರದ್ದು.

ಮಾರ್ಲೆನಿ ಇಲ್ಲ ಅನ್ಲಿಲ್ಲ. "ನೋಡೋಣ ಅಮ್ಮ" ಅಂದ್ಲು. ಅಷ್ಟು ಸಾಕಾಯ್ತು. ನಮ್ಮ ಮನೆತನದಲ್ಲಿ ನೋಡೋಣ ಅಂತ ಯಾರೂ ಅಂದೋರಲ್ಲ, ಈ ಮಾತು ಹೊರಗಿಂದ ಬಂದಿದ್ದು, ಯಾರೋ ಹುಡುಗಿ ತಲೆ ಕೆಡಿಸ್ತಿದಾರೆ ಅಂತ ರುಫಿನಾ ಅವತ್ತಿಂದ ಕಣ್ಣಿಟ್ಲು.

ಕಣ್ಣಿಟ್ಟಿದ್ದು ತಪ್ಪು ಅಂತ ನಾನು ಹೇಳಲ್ಲ. ಹುಡುಗಿ ದಿನಾ ಮಾಳಿಗೆ ಮೇಲೆ ನಿಂತ್ಕೊಂಡು, ತಲೆ ಮೇಲೆ ಹೋಗೋ ಕೇಬಲ್ ಕಾರ್‌ಗಳನ್ನ ಬಾಯ್ಬಿಟ್ಕೊಂಡು ನೋಡೋಳು. ಅದರ ರಿಪೇರಿ ಕೆಲಸ ಕಲಿಸೋ ಕಸುಬಿನ ಶಾಲೆ ಒಂದಿದೆ, ಅಲ್ಲಿಗೆ ಸೇರ್ಬೇಕು ಮಾವ ಅಂತ ನನ್ನ ಹತ್ರ ಹೇಳಿದ್ಲು. ನಾನು ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. ಒಂದ್ಸಲ ನನ್ನ ಮಿನಿಬಸ್ ಇಂಜಿನ್ನಿಗೆ ಕೈ ಹಾಕಿದ್ಲು ನೋಡಿ, ಆಮೇಲೆ ಬಸ್ಸು ಹೆಂಗೆ ಓಡ್ತು ಅಂದ್ರೆ, ಬಸ್ಸಿನ ನೆರಳು ಹಿಂದೆ ಉಳ್ಕೊಂಡು ಮುಂದಿನ ಸ್ಟಾಪಲ್ಲಿ ಏದುಸಿರು ಬಿಡ್ತಾ ಬಂದು ಸೇರ್ಕೊಂತು.

ಜನವರಿ ಇಪ್ಪತ್ನಾಲ್ಕಕ್ಕೆ ಅಲಸೀತಾಸ್ ಜಾತ್ರೆ. ಬೆಟ್ಟದ ಕೆಳಗಿನ ಲಾ ಪಾಸ್ ಪಟ್ಟಣಕ್ಕೆ ರುಫಿನಾನ ನಾನೇ ಕರ್ಕೊಂಡು ಹೋದೆ. ಬೇಕಾಗಿರೋದನ್ನ ಬೆರಳುದ್ದ ಮಾಡಿ ಮಾರ್ತಾರಲ್ಲ, ಮನೆ ಬೇಕಾದೋರು ಬೆರಳುದ್ದದ ಮನೆ, ಬಸ್ ಬೇಕಾದೋರು ಬಸ್. ಇವಳು ಬೆಂಕಿಪೊಟ್ಟಣದಷ್ಟು ಲಾಯರ್ ಸರ್ಟಿಫಿಕೇಟ್ ತಗೊಂಡ್ಲು. ಸರಿಯಾಗಿ ಮಧ್ಯಾಹ್ನ ಹನ್ನೆರಡು ಹೊಡೆಯೋವಾಗ ಪೂಜೆ ಮಾಡೋ ಯಾತಿರಿ ಅಜ್ಜ ಅದಕ್ಕೆ ಧೂಪ ಹಿಡಿದು, ವೈನು ಚಿಮುಕಿಸಿ, ಯಾರ ಹೆಸರಿಗಮ್ಮ ಅಂದ. ರುಫಿನಾ ಹಿಂದೆ ತಿರುಗಿ ನೋಡಿದ್ಲು. ಎದುರುಮನೆ ಹಸಿಂತಕ್ಕ ಸಾಲಲ್ಲಿ ನಿಂತು ಕಿವಿ ಚಾಚಿದ್ಲು.

"ನಮ್ಮನೆಗೆ" ಅಂದ್ಲು ರುಫಿನಾ.

"ಮನೆಗೆ ಸರಿ. ಮನೇಲಿ ಯಾರಿಗೆ?"

"ಅದು ಅವನಿಗೆ ಗೊತ್ತು. ನೀನು ಧೂಪ ಹಾಕಜ್ಜ."

ಅವನು ಅಂದ್ರೆ ಎಕೆಕೊ. ಮನೆ ಶೆಲ್ಫಲ್ಲಿ ಕೈ ಅಗಲಿಸ್ಕೊಂಡು ನಗ್ತಾ ನಿಂತಿರೋ ಮೀಸೆ ಗೊಂಬೆ. ಬೇಕಾಗಿರೋದನ್ನ ಬೆರಳುದ್ದ ಮಾಡಿ ಮೈಗೆ ಕಟ್ಟಿದ್ರೆ, ನಿಜವಾದ್ದನ್ನೇ ಕೊಡೋ ದೇವ್ರು. ಅವನ ಮೈ ಮೇಲೆ ವರ್ಷಾನುಗಟ್ಟಲೆ ನೇತು ಹಾಕಿದ ಪುಟಾಣಿ ಅಕ್ಕಿ ಚೀಲ, ಸಕ್ಕರೆ ಚೀಲ, ನಾನು ಕೊಟ್ಟ ಬಸ್ಸು, ಬಣ್ಣದ ಕಾಗದ, ಎಲ್ಲ ಸೇರಿ ಅವನ ಮೂಗು ಒಂದೇ ಕಾಣೋದು. ಮನೆಗೆ ಬಂದು, ಸರ್ಟಿಫಿಕೇಟು ಎದೆ ಮೇಲೇ ಇರ್ಲಿ ಅಂತ ರುಫಿನಾ ಆ ಚೀಲಗಳನ್ನ ಪಕ್ಕಕ್ಕೆ ಸರಿಸಿದ್ಲು. ಸರಿಸಿ ಹಂಗೇ ನಿಂತ್ಲು. ಒಳಗೆ ಎದೆಗೊತ್ತಿ ಹೆಬ್ಬೆರಳಷ್ಟು ತಗಡಿನ ಸ್ಪ್ಯಾನರ್ ಡಬ್ಬಿ.

ಕಿತ್ತು ಬಿಸಾಕೋ ಹಂಗಿಲ್ಲ. ಅವನ ಮೈ ಮೇಲಿಂದ ಏನಾದ್ರೂ ತೆಗೆದ್ರೆ ಮನೇಗೆ ಕೇಡು, ಇದು ಮಕ್ಕಳಿಗೂ ಗೊತ್ತು. ತನಗೆ ಬೇಕಾದ್ದನ್ನ ತಾನೇ ತಂದು ಕಟ್ಕೊಂಡ್ರೂ ಫಲ ಇಲ್ಲ, ಬೇರೆಯೋರು ಕೊಡ್ಬೇಕು. ಅಂದ್ಮೇಲೆ ಇದು ಮಾರ್ಲೆನಿ ಕೆಲಸ ಅಲ್ಲ, ಅವಳ ಪರವಾಗಿ ಯಾರೋ ಮನೆಯೊಳಗೆ ಬಂದು ಕಟ್ಟಿದಾರೆ ಅಂತ ರುಫಿನಾ ಲೆಕ್ಕ ಹಾಕಿದ್ಲು. ಸರ್ಟಿಫಿಕೇಟನ್ನ ಅದರ ಪಕ್ಕ ಕಟ್ಟಿ, ವಿಚಾರಣೆ ಶುರು ಮಾಡಿದ್ಲು.

ಮೊದಲು ನಾನೇ. ಮಾರನೇ ದಿನ ನನ್ನ ಬಸ್ ಹತ್ತಿ ಮುಂದಿನ ಸೀಟಲ್ಲಿ ಕೂತು ಟಿಕೆಟ್ ದುಡ್ಡು ಕೊಟ್ಲು. ಹುಟ್ಟಿದಾಗಿಂದ ಕೊಟ್ಟೋಳಲ್ಲ.

"ಅಣ್ಣ, ನಿನ್ನ ಸ್ಪ್ಯಾನರ್‌ಗಳೆಲ್ಲ ಸರಿಯಾಗಿದಾವಾ?" ಅಂದ್ಲು, ಜೇನು ಸುರಿಸ್ಕೊಂಡು.

"ಇದಾವಲ್ಲ, ಯಾಕೆ?"

"ಸುಮ್ನೆ. ಚಿಕ್ಕದೊಂದು ಕಳ್ದೋಗಿದೆಯೇನೋ ಅಂತ."

ನಾನು ಅಮ್ಮನ ಮೇಲೆ ಆಣೆ ಹಾಕ್ದೆ. ನಮ್ಮಮ್ಮನೂ ಸುಳ್ಳು ಹೇಳೋಳು ಅಂದ್ಲು. ಆಮೇಲೆ ಹಸಿಂತಕ್ಕನ ಮನೆಗೆ ಸೂಪ್ ತಗೊಂಡು ಹೋದ್ಲು. ಹಸಿಂತಕ್ಕನೂ ಅಷ್ಟೇ ಬೆರಿಕಿ, ಸೂಪನ್ನ ಮೊದ್ಲು ನಾಯಿಗೆ ಹಾಕಿ, ನಾಯಿ ಬದುಕ್ತಾ ಅಂತ ನೋಡಿ, ಆಮೇಲೆ ಮಾತಾಡಿದ್ಲಂತೆ. ಅಲ್ಲೂ ಏನೂ ಸಿಗ್ಲಿಲ್ಲ. ರುಫಿನಾ ಗಂಡ ಸತುರ್ನಿನೊ ಗಾರೆ ಕೆಲಸದೋನು. ಮದುವೇಲಿ ಒಂದು ಹೂಂ ಅಂದಿದ್ದ, ಅದು ಖರ್ಚಾದ್ಮೇಲೆ ಇನ್ನೊಂದು ತಂದಿಲ್ಲ. ಅವನು ಸುಮ್ನಿದ್ದಿದ್ದಕ್ಕೆ ಅವನ ಮೇಲೂ ಅನುಮಾನ ಬಂತು.

ಕೊನೇಗೆ ಮಗಳ್ನ ಕೂರಿಸ್ಕೊಂಡ್ಲು. ಡಬ್ಬಿ ನಾನು ನೋಡೇ ಇಲ್ಲಮ್ಮ ಅಂದ್ಲು ಮಾರ್ಲೆನಿ. ಆದ್ರೆ ಕಸುಬಿನ ಶಾಲೆಗೆ ಸೇರ್ಬೇಕು ಅಂತಿರೋದು ನಿಜ, ಅದನ್ನ ಯಾರೂ ಹೇಳ್ಕೊಟ್ಟಿಲ್ಲ ಅಂದ್ಲು. ಶುಕ್ರವಾರ ಬೆಳಿಗ್ಗೆ ಅಲ್ಲಿ ಸೇರ್ಸ್ಕೊಳ್ಳೋ ಪರೀಕ್ಷೆ, ಅದೇ ಹೊತ್ತಿಗೆ ಲಾಯರ್ ಓದಿಗೂ ಪರೀಕ್ಷೆ. ಒಂದಕ್ಕೆ ಹೋದ್ರೆ ಇನ್ನೊಂದು ಈ ವರ್ಷಕ್ಕೆ ಹೋಯ್ತು.

"ನೀನು ಬೇಡ ಅಂದ್ರೆ ಹೋಗಲ್ಲ. ಆದ್ರೆ ಬೇಡ ಅನ್ನೋದು ನೀನೇ ಹೇಳ್ಬೇಕು. ಹಸಿಂತಕ್ಕ ಏನಂತಾಳೆ, ಮಾವ ಏನಂದ ಅಂತ ಅಲ್ಲ" ಅಂದ್ಲು ಹುಡುಗಿ.

ಶುಕ್ರವಾರ ಎಕೆಕೊಗೆ ಸಿಗರೇಟು ಕೊಡೋ ದಿನಾನೂ ಹೌದು. ಹಚ್ಚಿ ಬಾಯಿಗಿಟ್ರೆ ಅವನು ಸೇದ್ತಾನೆ. ಪೂರ್ತಿ ಉರಿದ್ರೆ ಒಪ್ಪಿಗೆ, ನಡುವೆ ಆರಿದ್ರೆ ಕೋಪ. ಪರೀಕ್ಷೆಗೆ ಮುಂಚೆ, ಬೆಳಗಿನ ಜಾವಕ್ಕೇ ರುಫಿನಾ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ್ಲು. ಸಿಗರೇಟಿಗೆ ನಾನೇನಾದ್ರೂ ಮಾಡಿರ್ತೀನಿ ಅಂತ, ಗುರುತಿಲ್ಲದ ಬೀದಿಗೆ ಹೋಗಿ ತಂದಿದ್ಲು. ಯಾರೂ ಉಸಿರಾಡ್ಬೇಡಿ, ಊದಿ ಆರಿಸ್ತೀರ ಅಂದ್ಲು. ಇವನ ಮೂಗಿನಿಂದ ಬಂದ ಹೊಗೆಗೆ ಒಂದ್ಸಲ ವಿಮಾನ ದಾರಿ ತಪ್ಪಿದ್ದುಂಟು, ಅವತ್ತು ಮಾತ್ರ ಸಣ್ಣಗೆ ಸೇದ್ದ.

ಬೂದಿ ಸರ್ಟಿಫಿಕೇಟ್ ಮೇಲೆ ಬೀಳುತ್ತಾ ಡಬ್ಬಿ ಮೇಲೆ ಬೀಳುತ್ತಾ ಅಂತ ರುಫಿನಾ ಮುಖ ಹತ್ರ ಒಯ್ದು ನೋಡ್ತಿದ್ಲು. ಬೂದಿ ಡಬ್ಬಿ ಮೇಲೆ ಬಿತ್ತು. ಒರೆಸೋಕೆ ಬೆರಳು ಇಟ್ಲು. ಡಬ್ಬಿ ಕಪ್ಪಗೆ ಜಿಡ್ಡಾಗಿತ್ತು, ಎಷ್ಟೋ ವರ್ಷದ ಸಿಗರೇಟಿನ ಹೊಗೆ. ಆ ಬೆರಳು ಹಂಗೇ ಮೇಲೆ ಜರುಗಿ ದಾರದ ಗಂಟಿನ ಮೇಲೆ ನಿಂತ್ಕೊಂತು.

ಗಂಟು ಅವಳದ್ದೇ.

ಆಗ ನಂಗೂ ನೆನಪಾಯ್ತು. ಮಾರ್ಲೆನಿ ಬೆನ್ನ ಮೇಲಿನ ಶಾಲಲ್ಲಿ ಮಲಗೋ ಕೂಸಾಗಿದ್ದಾಗ, ಸತುರ್ನಿನೊ ಸಾರುವೆಯಿಂದ ಬಿದ್ದು ಕೆಲಸ ಇಲ್ದೆ ಕೂತಿದ್ದ. ಆ ವರ್ಷದ ಅಲಸೀತಾಸಲ್ಲಿ ಇವಳೇ ಈ ಡಬ್ಬಿ ಕೊಂಡು, ಅವತ್ತೂ ಅಕ್ಕಪಕ್ಕ ನೋಡಿ, ಹೆಸರು ಹೇಳ್ದೆ, ನಮ್ಮನೆಗೊಂದು ಕಸುಬು ಕೊಡು ಅಂತಷ್ಟೇ ಕೇಳಿದ್ಲು. ಸತುರ್ನಿನೊ ಗಾರೆ ಕೆಲಸಕ್ಕೇ ವಾಪಸ್ ಹೋದ. ಡಬ್ಬಿ ಅಕ್ಕಿ ಚೀಲದ ಕೆಳಗೆ ಕಾಯ್ತಾ ಕೂತಿತ್ತು.

ರುಫಿನಾ ಗಂಟನ್ನ ಒಂದ್ಸಲ ಎಳೆದು ನೋಡಿದ್ಲು, ಬೇರೆ ಯಾರಾದ್ರೂ ಕಲಿತಿರಬಹುದಾ ಅಂತ. ಆಮೇಲೆ ಮಗಳ ಕೈ ಎತ್ತಿ ಉಗುರು ಸಂದಿಯ ಗ್ರೀಸನ್ನ ನೋಡಿದ್ಲು, ಗೊಂಬೆ ಮುಖ ನೋಡಿದ್ಲು. ಸಿಗರೇಟು ತುದಿವರೆಗೂ ಉರಿದಿತ್ತು.

"ಇವನೂ ನಿಮ್ಮ ಕಡೆಯೋನೇ" ಅಂದ್ಲು. "ಅಣ್ಣ, ಬಸ್ ತೆಗಿ."

"ಎಲ್ಲಿಗೆ?"

"ಕಸುಬಿನ ಶಾಲೆಗೆ. ಗೊತ್ತಿಲ್ದೋರ ಥರ ಕೇಳ್ಬೇಡ."

ಮಾರ್ಲೆನಿ ಅಮ್ಮನ ಹೆಗಲಿಗೆ ಮುಖ ಒತ್ತಿದ್ಲು. ಹೊತ್ತಾಗುತ್ತೆ ನಡಿ ಅಂತ ಅವಳು ಬೈದ್ಲು. ದಾರೀಲಿ ನಾನು ಹೆಂಗೆ ಓಡಿಸ್ದೆ ಅಂದ್ರೆ, ಪರೀಕ್ಷೆ ಮಾಡೋರು ಇನ್ನೂ ಮನೇಲಿ ಮುಖ ತೊಳೀತಿದ್ರು. ಹುಡುಗಿ ಪಾಸಾದ್ಲು, ಈಗ ಹೆಲ್ಮೆಟ್ ಹಾಕ್ಕೊಂಡು ಕಲೀತಿದಾಳೆ.

ಆದ್ರೆ ಅವತ್ತು ಮಗಳು ಒಳಗೆ ಹೋದ್ಮೇಲೆ ರುಫಿನಾ ಬಸ್ಸಲ್ಲಿ ಕೂತು ಬೆರಳು ಮಡಚಿ ಲೆಕ್ಕ ಹಾಕೋಕೆ ಶುರು ಮಾಡಿದ್ಲು. ಲಾಯರ್ ಸರ್ಟಿಫಿಕೇಟು ಇನ್ನೂ ಎಕೆಕೊ ಎದೆ ಮೇಲಿದೆ. ಅದಕ್ಕೂ ಅವಳು ಹೆಸರು ಹೇಳಿಲ್ಲ. ಅವನು ಕೊಡದೆ ಬಿಡಲ್ಲ, ಯಾರಿಗಾದ್ರೂ ಕೊಟ್ಟೇ ಕೊಡ್ತಾನೆ. ನಿಧಾನಕ್ಕೆ ನನ್ನ ಕಡೆ ತಿರುಗಿ, ಕಣ್ಣು ಸಣ್ಣ ಮಾಡಿ, ತಲೆಯಿಂದ ಕಾಲ್ವರೆಗೂ ನೋಡಿದ್ಲು.

"ಅಣ್ಣ, ನೀನು ಸ್ಕೂಲು ಬಿಟ್ಟಿದ್ದು ಎಷ್ಟನೇ ಕ್ಲಾಸಿಗೆ?" ಅಂದ್ಲು.