ಗೈಡ್ ಸೋಮಲಿಂಗನ ರಟ್ಟು

ಇಪ್ಪತ್ಮೂರು ವರ್ಷಗಳಿಂದ ಪ್ರವಾಸಿಗರಿಗೆ ಬಾದಾಮಿಯ ಗುಹೆಗಳನ್ನು ತೋರಿಸುತ್ತ ಬಂದ ಗೈಡ್ ಸೋಮಲಿಂಗನಿಗೆ ಕಳೆದ ಡಿಸೆಂಬರಿನಲ್ಲಿ ತಲೆ ಕೆಟ್ಟಿತು. ಪ್ರವಾಸಿಯೊಬ್ಬ ಕಂಬವನ್ನು ನೋಡಿ, “ಇದಕ್ಕೆ ಎಷ್ಟು ಮೂಟೆ ಸಿಮೆಂಟ್ ಹಿಡಿದಿರಬಹುದು?” ಎಂದು ಕೇಳಿದ್ದೇ ನೆಪವಾಯಿತು.

“ಮೊನ್ನೆ ಮಂಗಳವಾರ ಎರಡು ಲಾರಿ ತರಿಸಿದ್ವಿರಿ!” ಎಂದು ಕಿರುಚಿದವನು ಕಿರುಚುತ್ತಲೇ ಇದ್ದ. ಜೊತೆಯ ಗೈಡ್ ಅಶ್ಫಾಕ ಅವನನ್ನು ಹಿಡಿದು ಕೆಳಗಿಳಿಸಿ, ಮರುದಿನ ಬಾಗಲಕೋಟೆಯ ಬಸ್ಸು ಹತ್ತಿಸಿದ.

ಅಲ್ಲಿ ಲಲಿತಾ ಎಂಬ ಮನೋರೋಗದ ಡಾಕ್ಟರು ಮೆತ್ತಗೆ ಕೇಳಿದರು: “ಒಳಗ ಏನ ಅನಸ್ತೈತ್ರಿ?”

ಸೋಮಲಿಂಗ ಎದ್ದು ನಿಂತು ಬಲಗೈ ಎತ್ತಿದ. “ಆರನೇ ಶತಮಾನದಲ್ಲಿ...”

“ಕೂಡ್ರಿ,” ಎಂದರು ಡಾಕ್ಟರು.

ಅಪ್ಪನ ಬಗ್ಗೆ ಕೇಳಿದರೆ ಚಾಲುಕ್ಯರ ವಂಶಾವಳಿ ಬಂತು. ನಿದ್ದೆಯ ಬಗ್ಗೆ ಕೇಳಿದರೆ ಅನಂತಶಯನನ ವರ್ಣನೆ ಬಂತು. ಕೊನೆಗೆ ಡಾಕ್ಟರೇ ಸೋತರು.

“ನಿಮಗ ಮಾತು ಸಾಕ್ರಿ. ಒಂದು ದಪ್ಪನ ರಟ್ಟು ತಗೋರಿ. ಬಣ್ಣ, ಅಂಟು, ಚಿಂದಿ, ಕೈಗೆ ಸಿಕ್ಕಿದ್ದು ಮೆತ್ರಿ. ಯಾವುದರ ಚಿತ್ರಾನೂ ಆಗಬಾರ್ದು. ಅರ್ಥಾನೂ ಹೇಳಬಾರ್ದು.”

ಭಾನುವಾರ ಸೋಮಲಿಂಗ ಅಂಗಳದಲ್ಲಿ ಕುಳಿತ. ಕೈ ತಾನಾಗಿಯೇ ಎರಡು ಕಂಬ, ಮೂರು ಮೆಟ್ಟಿಲು ಬರೆಯಿತು. ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಪ್ರವಾಸಿಗರಿಗೆ ಊಟ ಹಾಕುತ್ತಿದ್ದ ಹೆಂಡತಿ ಮಲ್ಲಮ್ಮ ಇಣುಕಿ ನೋಡಿದಳು.

“ಮತ್ತ ಗವಿನ ಅಲ್ರಿ ಇದು!”

ಅವನಿಗೆ ಎಲ್ಲಿತ್ತೋ ಸಿಟ್ಟು. ಅಂಟಿನ ಡಬ್ಬಿಯನ್ನೇ ರಟ್ಟಿನ ಮೇಲೆ ಬೋರಲು ಹಾಕಿದ. ಗುಡ್ಡದ ಕೆಂಪು ಮಣ್ಣು ಎರಚಿದ. ಹಳೆಯ ಕಂಬಳಿ ಹರಿದು ಮೆತ್ತಿದ. ಖಣದ ಬಟ್ಟೆಯ ಚೂರು, ಒಡೆದ ಬಳೆ, ಬಸ್ ಟಿಕೆಟ್ಟು, ಎಲ್ಲವೂ ಹೋಗಿ ಅಂಟಿಕೊಂಡವು. ಮೇಲೆ ಕಪ್ಪು ಬಣ್ಣವನ್ನು ಅಂಗೈಯಿಂದ ಬಡಿದ. ಒಂದು ತಾಸಿನ ನಂತರ ಎದ್ದಾಗ ಎದೆ ಹಗುರಾಗಿತ್ತು. ಅವತ್ತು ಮೂರು ರೊಟ್ಟಿ ಹೆಚ್ಚಿಗೆ ತಿಂದ.

ಓಣಿಯವರು ಬಂದು ಬಂದು “ಏನಪಾ ಇದು?” ಎಂದು ಕೇಳಿದರು.

“ಗೊತ್ತಿಲ್ಲ,” ಎನ್ನುವಾಗ ಅವನಿಗಾಗುತ್ತಿದ್ದ ಸುಖ ಅಷ್ಟಿಷ್ಟಲ್ಲ. ಇಪ್ಪತ್ಮೂರು ವರ್ಷ ಆ ಮಾತು ಆಡುವ ಭಾಗ್ಯವೇ ಅವನಿಗಿರಲಿಲ್ಲ.

ವಾರದ ನಂತರ ಅಶ್ಫಾಕ ಮೈಸೂರಿನ ಒಂದು ಕುಟುಂಬವನ್ನು ಊಟಕ್ಕೆ ಕರೆತಂದ. ಗೋಡೆಗೆ ಆನಿಸಿಟ್ಟ ರಟ್ಟನ್ನು ಅವರು ನೋಡಿದ್ದೇ ತಡ, ಅಶ್ಫಾಕನಿಗೆ ತಡೆಯಲಾಗಲಿಲ್ಲ.

“ಈ ಕೆಂಪು ಯುದ್ಧಭೂಮಿ. ಈ ಕಪ್ಪು ರಾಣಿಯ ವಿರಹ. ಈ ಬಳೆಯ ಚೂರು...”

“ಸುಳ್ಳ ಹೇಳಬ್ಯಾಡಲೇ ಅಶ್ಫಾಕ!” ಎಂದು ಸೋಮಲಿಂಗ ಅರ್ಧ ರೊಟ್ಟಿ ಹಿಡಿದುಕೊಂಡೇ ಒಳಗಿನಿಂದ ಓಡಿಬಂದ.

“ಹಾಗಾದ್ರೆ ಏನಪ್ಪಾ ಇದು?” ಎಂದು ಆ ಕುಟುಂಬದ ಅಜ್ಜಿ ಕೇಳಿದರು.

ಸೋಮಲಿಂಗ ಬಾಯಿ ತೆರೆದ. ಯಾವ ಶತಮಾನವೂ ಹೊರಬರಲಿಲ್ಲ.

“ನನ್ನ ಸಿಟ್ಟುರೀ ಅಮ್ಮಾರ,” ಎಂದ ಕೊನೆಗೆ. “ಸ್ವಲ್ಪ ದುಃಖಾನೂ ಐತಿ. ಎಲ್ಲೈತಿ ಅಂತ ನನಗೂ ಗೊತ್ತಿಲ್ಲ.”

“ಮುಟ್ಟಬಹುದಾ?”

ಗುಹೆಯಲ್ಲಿ ದಿನಕ್ಕೆ ನೂರು ಸಲ ‘ಮುಟ್ಟಬೇಡಿ’ ಎನ್ನುವ ಬಾಯಿ ಅದು. “ಮುಟ್ರಿ, ಮುಟ್ರಿ,” ಎಂದಿತು.

ಅಜ್ಜಿ ಕಂಬಳಿಯ ತುಂಡಿನ ಮೇಲೆ ಮೆಲ್ಲಗೆ ಕೈಯಾಡಿಸಿದರು. ಉಳಿದವರೂ ಸವರಿದರು. ಅಶ್ಫಾಕನ ಕೈಗೆ ಒಂದು ಟಿಕೆಟ್ಟು ಕಿತ್ತು ಬಂತು. ಅವನು ಅದನ್ನು ಅನ್ನದ ಅಗುಳು ಹಚ್ಚಿ ಗುಟ್ಟಾಗಿ ಮತ್ತೆ ಅಂಟಿಸಿದ.

ಎಲ್ಲರೂ ಹೋದ ಮೇಲೆ ಮಲ್ಲಮ್ಮ ಹಿಟ್ಟಿನ ಕೈ ಒರೆಸಿಕೊಂಡು ರಟ್ಟಿನ ಮುಂದೆ ನಿಂತಳು.

“ನನಗೂ ಒಂದು ತಂದಕೊಡ್ರಿ.”

“ಇಷ್ಟ ದೊಡ್ಡದ?”

“ಇಷ್ಟರಾಗ ಏನ ಹಿಡಿತೈತ್ರಿ? ಲಗ್ನ ಆದಾಗಿಂದ ನಿಮ್ಮ ಇತಿಹಾಸ ಕೇಳಕೋತ ಕುಂತೇನಿ.”

ಮರುದಿನ ಸೋಮಲಿಂಗ ಬಾಗಿಲಿನಷ್ಟು ದೊಡ್ಡ ಪ್ಲೈವುಡ್ ಹಲಗೆಯನ್ನು ತಲೆಯ ಮೇಲೆ ಹೊತ್ತು ತಂದ. ಮಲ್ಲಮ್ಮ ಗೇಣು ಹಾಕಿ ಅಳೆದು ನೋಡಿ, ಸದ್ಯಕ್ಕೆ ಸಾಕು ಎಂದಳು.