ಎಡಗಡೆಯ ಜಾಗ

ಹೇಳುತ್ತ ಹೇಳುತ್ತ ಕೃಷ್ಣಾಬಾಯಿ ಮತ್ತೆ ಅದೇ ಜಾಗಕ್ಕೆ ಬಂದು ನಿಂತಳು.

“ಅವರು ಸೈಕಲ್ ತಗೊಂಡು ವಾಡೇದಿಂದ ಹೊರಗ ಹೋದ್ರು. ಎಡಕ್ಕ ತಿರುಗಿದ್ರು. ನಾ ಮ್ಯಾಲಿನ ಗ್ಯಾಲರಿಯೊಳಗ ನಿಂತಿದ್ದೆ. ಆಮ್ಯಾಲೆ... ಮಂದಿ ಅವರನ್ನ ಹೊತಗೊಂಡು ಬಂದ್ರು.”

“ನಡುವ?” ಡಾಕ್ಟರ್ ಭಾಮಾಬಾಯಿ ಕೇಳಿದರು.

“ನಡುವ ಏನಿಲ್ರಿ.”

ಭಾಮಾಬಾಯಿ ಬೆಳಗಾವಿಯವರು. ವಿಲಾಯತಿಗೆ ಹೋಗಿ ಮನಸ್ಸಿನ ಬೇನೆಗಳ ವಿದ್ಯೆ ಕಲಿತು ಬಂದು, ಪುಣೆಯ ಕ್ಯಾಂಪಿನ ಒಂದು ಹಳೆಯ ಬಂಗಲೆಯಲ್ಲಿ ದವಾಖಾನೆ ತೆರೆದಿದ್ದರು. ನಾಡಿ ಹಿಡಿಯುತ್ತಿರಲಿಲ್ಲ, ಬಾಟಲಿಯಲ್ಲಿ ಕೆಂಪು ಔಷಧಿ ಕೊಡುತ್ತಿರಲಿಲ್ಲ. ಪ್ರತಿ ಬುಧವಾರ ಕೃಷ್ಣಾಬಾಯಿಯನ್ನು ಎದುರಿಗೆ ಕೂಡಿಸಿಕೊಂಡು ಆ ಒಂದು ಮಧ್ಯಾಹ್ನವನ್ನು ಮೊದಲಿನಿಂದ ಹೇಳಿಸುತ್ತಿದ್ದರು. ಇದು ಏಳನೆಯ ಬುಧವಾರ.

“ಮಾತಾಡ್ಲಿಕ್ಕ ದವಾಖಾನಿಗೆ ಹೋಗಬೇಕಂತ! ನಮ್ಮ ವಾಡೇದಾಗ ಮಾತಿಗೇನು ಬರ ಬಿದ್ದದ?” ಎಂದು ಅತ್ತೆ ರಂಗೂಬಾಯಿ ಮೊದಲ ದಿನ ಬೆರಗಾಗಿದ್ದರು. ಆದರೂ ವಾರ ತಪ್ಪದೆ ಟಾಂಗಾಕ್ಕೆ ಪರದೆ ಕಟ್ಟಿಸಿ ಸೊಸೆಯನ್ನು ಕರೆತರುವವರು ಅವರೇ. ಹೊರಗಿನ ಬಾಕಿನ ಮೇಲೆ ಜಪಮಣಿ ಹಿಡಿದು ಕಾಯುವವರೂ ಅವರೇ.

ಪರದೆ ಇಲ್ಲದೆ ಆಗುತ್ತಿರಲಿಲ್ಲ. ಗಂಡ ತೀರಿಕೊಂಡು ಎಂಟು ತಿಂಗಳು. ಅಂದಿನಿಂದ ಸೈಕಲ್ ಕಣ್ಣಿಗೆ ಬಿದ್ದರೆ, ಅದರ ಗಂಟೆ ಕಿವಿಗೆ ಬಿದ್ದರೆ ಸಾಕು, ಕೃಷ್ಣಾಬಾಯಿಯ ಅಂಗೈ ಬೆವರುತ್ತಿತ್ತು, ಉಸಿರು ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಕಾಲು ಏಳುತ್ತಿರಲಿಲ್ಲ. ಪುಣೆಯಲ್ಲಿ ಸೈಕಲ್ಲಿಲ್ಲದ ಓಣಿ ಎಲ್ಲಿದೆ? ಆಕೆ ಕಲಿಸುತ್ತಿದ್ದ ಹುಡುಗಿಯರ ಶಾಲೆ ಮನೆಯಿಂದ ಹತ್ತು ನಿಮಿಷದ ಹಾದಿ. ಜೂನ್ ಏಳಕ್ಕೆ ಬಾರದಿದ್ದರೆ ಬೇರೊಬ್ಬರನ್ನು ತೆಗೆದುಕೊಳ್ಳುವುದಾಗಿ ಮುಖ್ಯಾಧ್ಯಾಪಕಿ ಬರೆದಿದ್ದರು. ಕೆಲಸ ಹೋದರೆ ಅಣ್ಣ ರಾಘಣ್ಣ ಬಂದು ಧಾರವಾಡಕ್ಕೆ ಕರೆದೊಯ್ಯುತ್ತಾನೆ; ರಂಗೂಬಾಯಿ ಸೊಲ್ಲಾಪುರದ ಮೈದುನನ ಮನೆ ಸೇರಬೇಕು. ಜೂನ್ ಏಳಕ್ಕೆ ಇನ್ನು ಹನ್ನೆರಡು ದಿನ.

“ನಡುವಿಂದು ಇವತ್ತ ಬ್ಯಾಡ, ಬಿಡ್ರಿ,” ಎಂದರು ಭಾಮಾಬಾಯಿ. “ಅವರ ಹೆಸರೇನು?”

“ಮೊದಲನೇ ದಿನಾನ ಬರದು ಕೊಟ್ಟೇನಲ್ರಿ.”

“ಬರದೀರಿ. ಬಾಯಿಲೆ ಹೇಳ್ರಿ.”

ಕೃಷ್ಣಾಬಾಯಿ ತಲೆ ತಗ್ಗಿಸಿದಳು. ಬಾಯಿಯಿಂದ ಆಕೆ ಎಂದೂ ಹೇಳಿರಲಿಲ್ಲ. ಮದುವೆಯಾಗಿ ಪುಣೆಗೆ ಬಂದ ಮೊದಲ ಸಂಕ್ರಾಂತಿಗೆ ವಾಡೆಯ ಬಿಡಾರಗಳ ಹೆಂಗಸರು ಅರಿಶಿನ ಕುಂಕುಮಕ್ಕೆ ಕರೆದು, ಬಾಗಿಲಿಗೆ ಅಡ್ಡ ನಿಂತಿದ್ದರು. ಪದ ಕಟ್ಟಿ ಅದರಲ್ಲಿ ಗಂಡನ ಹೆಸರು ಹೇಳಿದರೇ ಒಳಗೆ. ಊರಲ್ಲಿ ಒಡಪು, ಇಲ್ಲಿ ಉಖಾಣೆ, ಪೇಚು ಒಂದೇ. ಆಕೆ ಹೊಸಿಲಲ್ಲೇ ತಿರುಗಿ ಮನೆಗೆ ಓಡಿ ಬಂದಿದ್ದಳು. ಅಂದು ಸಂಜೆ ಅದನ್ನು ಕೇಳಿ ಗಂಡ ನಕ್ಕದ್ದೇ ನಕ್ಕದ್ದು.

“ಬಿ.ಎ. ಪರೀಕ್ಷೆದಾಗ ಹಾಳಿಗಟ್ಟಲೆ ಬರದಾಕಿಗೆ ಮೂರಕ್ಷರ ಭಾರ ಆದ್ವೇನು? ಒಮ್ಮೆ ಅನ್ನು. ಬಾಗಿಲಾ ಹಾಕ್ತೀನಿ, ಯಾರಿಗೂ ಕೇಳಸೂದಿಲ್ಲ.”

“ಹೋಗ್ರಿ,” ಎಂದಿದ್ದಳು.

ಆಮೇಲೆ ಇಬ್ಬರೂ ಪರ್ವತಿ ಗುಡ್ಡದ ಕಡೆ ತಿರುಗಾಡಲು ಹೋಗಿದ್ದರು. ಆ ನಾಲ್ಕು ವರ್ಷದ ಸಂಜೆಗಳೆಲ್ಲ ಹಾಗೇ: ನಡೆಯುತ್ತ ನಡೆಯುತ್ತ ಆಕೆ ಎಡಕ್ಕೆ ಸರಿದರೆ, ಅವರು ಸುತ್ತಿ ಬಂದು ಆಕೆಯನ್ನು ತಮ್ಮ ಬಲಕ್ಕೆ ಮಾಡಿಕೊಳ್ಳುತ್ತಿದ್ದರು. “ಹೇಂತಿ ಎಡಕ್ಕಿರಬೇಕಲ್ರೀ,” ಎಂದರೆ, “ಪೂಜಾದಾಗ ಎಡಕ್ಕ ಕೂಡು. ಹಾದಿಮ್ಯಾಲ ನನ್ನ ಬಲಕ್ಕಿರು,” ಎಂದು ಮಾತು ಹಾರಿಸುತ್ತಿದ್ದರು.

ಭಾಮಾಬಾಯಿ ಅವಸರ ಮಾಡಲಿಲ್ಲ. ಮೇಜಿನ ಮೇಲಿನ ಲೇಖನಿಯನ್ನೂ ಮುಟ್ಟಲಿಲ್ಲ.

“ಗುರೆಳ್ಳ ತೀರಿತ್ರಿ,” ಕೃಷ್ಣಾಬಾಯಿ ಸಣ್ಣ ದನಿಯಲ್ಲಿ ಅಂದಳು. “ಚಟ್ನಿಗೆ ಬೇಕಂತ ನಾನ ಕಳಿಸಿದೆ. ಎಡಗಡೆ ಓಣಿಯಿಂದ ಲಾರಿ ಬರೂದು ನನಗ ಮ್ಯಾಲಿಂದ ಕಾಣತಿತ್ತು. ಅವರಿಗೆ ಕಾಣತಿರಲಿಲ್ಲ. ‘ರೀ’ ಅಂದೆ. ‘ಏನ್ರೀ’ ಅಂದೆ. ತುಂಬಿದ ಹಾದಿಯೊಳಗ ‘ಏನ್ರೀ’ ಅಂದ್ರ ಯಾರು ಹೊಳ್ಳಿ ನೋಡ್ತಾರ್ರಿ? ಹೆಸರು ನಾಲಿಗೀ ತನಕಾ ಬಂತು. ನುಂಗಿದೆ. ಹೆಸರ ಹಿಡದು ಒದರಿದ್ರ ಹೊಳ್ಳಿ ನೋಡತಿದ್ರು. ಉಳೀತಿದ್ರು.”

ಅದೇ ನಡುವಿನದು. ಏಳು ವಾರ ಇಲ್ಲ ಇಲ್ಲ ಎಂದದ್ದು.

ನಿಮ್ಮ ತಪ್ಪಲ್ಲ ಎಂದು ಭಾಮಾಬಾಯಿ ಹೇಳಲಿಲ್ಲ. ಆ ಮಾತನ್ನು ವಾಡೆಯವರೆಲ್ಲ ಹೇಳಿ ಆಗಿತ್ತು, ಯಾವ ತಪ್ಪು ಎಂದು ತಿಳಿಯದೆಯೇ.

“ಈಗ ಕರೀರಿ,” ಎಂದರು.

“ಈಗ್ಯಾಕ್ರಿ?”

“ಎಂಟು ತಿಂಗಳಿಂದ ಆ ಹೆಸರು ನಿಮ್ಮ ಗಂಟಲಾಗ ಅಡ್ಡ ನಿಂತದ, ತಾಯಿ. ಉಸರಿಗೆ ಹಾದಿ ಬ್ಯಾಡೇನು?”

ಮೊದಲ ಸಲ ತುಟಿಗಳಷ್ಟೇ ಅಲುಗಿದವು. ಎರಡನೆಯದು ಆಕೆಗಷ್ಟೇ ಕೇಳಿಸಿತು. ಮೂರನೆಯದನ್ನು ಗ್ಯಾಲರಿಯ ಕಟಕಟೆ ಹಿಡಿದು ನಿಂತವಳ ಹಾಗೆ ಕೂಗಿಬಿಟ್ಟಳು.

“ಮಾರ್ತಾಂಡಾ!”

ಹೊರಗೆ ಜಪಮಣಿಯ ಸದ್ದು ನಿಂತಿತು. ಬಾಗಿಲ ಪರದೆ ಸರಿಸಿ ರಂಗೂಬಾಯಿ ಒಳಗೆ ಬಂದರು. ಕೃಷ್ಣಾಬಾಯಿ ಗಡಬಡಿಸಿ ಎದ್ದು ಸೆರಗು ತಲೆಗೆ ಎಳೆದುಕೊಂಡಳು.

“ತಪ್ಪಾತ್ರಿ ಅತ್ಯಾರ, ನಾ—”

“ಎಷ್ಟು ದಿನಾ ಆಗಿತ್ತವಾ ಆ ಹೆಸರ ಕೇಳಿ.” ರಂಗೂಬಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. “ನೀ ಎಲ್ಲಿ ಅಳತೀಯೋ ಅಂತ ನಾನೂ ಅನ್ನೂದ ಬಿಟ್ಟಿದ್ದೆ. ಇನ್ನೊಮ್ಮೆ ಕರಿ. ಇನ್ನೂ ಜೋರಲೆ ಕರಿ. ಅವಗ ಎಡಗಿವಿ ಕೇಳಸ್ತಿರಲಿಲ್ಲ.”

“ಏನಂದ್ರಿ?”

“ಏಳು ವರ್ಷದಾಂವ ಇದ್ದಾಗ ಕಿವಿ ಸೋರಿ ಹೋತು. ಎಡಕ್ಕ ನಿಂತು ಹೆಸರ ಹಿಡದು ನಾ ಗಂಟಲ ಹರಕೊಂಡ್ರೂ ಹೊಳ್ಳಿ ನೋಡತಿರಲಿಲ್ಲ, ಖೋಡಿ. ಹೇಂತಿಗೆ ಹೇಳಬ್ಯಾಡಂತ ನನ್ನ ಕಡಿಂದ ಆಣಿ ಮಾಡಿಸಿಕೊಂಡಿದ್ದ.”

ಹಾದಿಮ್ಯಾಲ ನನ್ನ ಬಲಕ್ಕಿರು.

ಅಂದು ಎಡಕ್ಕೆ ತಿರುಗಿದ ಅವರಿಗೆ ಗ್ಯಾಲರಿ ಎಡಗಡೆಯೇ ಇತ್ತು. ಕೃಷ್ಣಾಬಾಯಿ ಕುಳಿತುಬಿಟ್ಟಳು. ಎಂಟು ತಿಂಗಳಲ್ಲಿ ಮೊದಲ ಸಲ ಅತ್ತಳು. ಅತ್ತೆ ಪಕ್ಕದಲ್ಲಿ ಕುಳಿತು ಆಕೆಯ ಬೆನ್ನ ಮೇಲೆ ಕೈಯಿಟ್ಟರು. ಭಾಮಾಬಾಯಿ ನೀರಿನ ಲೋಟ ಮುಂದೆ ಸರಿಸಿದರು.

“ಇದು ಒಂದ ದಿನಕ್ಕ ಮುಗಿಯೂದಲ್ಲ. ಮುಂದಿನ ಬುಧವಾರ ಮತ್ತ ಮೊದಲಿಂದ ಹೇಳ್ರಿ. ರಂಗೂತಾಯಿ, ನೀವೂ ಒಳಗ ಬಂದು ಕುಂಡ್ರಿ.”

“ನಾ ಮಾತಾಡ್ಲಿಕ್ಕೆ ಹತ್ತಿದ್ರ ನಿಮ್ಮ ದವಾಖಾನಿ ಬಾಗಿಲಾ ಹಾಕೂದ ಆಗೂದಿಲ್ಲ ನೋಡ್ರಿ,” ಎಂದು ರಂಗೂಬಾಯಿ ಕಣ್ಣೊರೆಸಿಕೊಂಡರು.

ಹೊರಗೆ ಟಾಂಗಾ ಕಾದಿತ್ತು. ಕಚೇರಿಗಳು ಬಿಡುವ ಹೊತ್ತು. ಎಲ್ಲೋ ಒಂದು ಗಂಟೆ ಟ್ರಿಣ್ ಎಂದಿತು; ಕೃಷ್ಣಾಬಾಯಿಯ ಅಂಗೈ ಬೆವರಿತು, ಉಸಿರು ಸಿಕ್ಕಿಕೊಂಡಿತು. ಆಕೆಯ ತುಟಿಗಳು ಅಲುಗಿದವು. ಉಸಿರು ಹೊರಗೆ ಬಂತು.

“ಅತ್ಯಾರ, ಆ ಮೂಲೀ ತನಕಾ ನಡಿಯೂಣ್ರಿ.”

ರಂಗೂಬಾಯಿ ಆಕೆಯ ಎಡಕ್ಕೆ ಬಂದು ಕೈ ಹಿಡಿದರು.

“ಈ ಕಡೆ ಬರ್ರಿ,” ಎಂದು ಕೃಷ್ಣಾಬಾಯಿ ಅವರನ್ನು ತನ್ನ ಬಲಕ್ಕೆ ಕರೆದುಕೊಂಡಳು. ಟಾಂಗಾ ಮೆಲ್ಲಗೆ ಹಿಂದೆ ಬರತೊಡಗಿತು. ಆಕೆಯ ಎಡಗಡೆ ಒಬ್ಬರು ನಡೆಯುವಷ್ಟು ಹಾದಿ ತೆರವಾಗಿತ್ತು. ಅಲ್ಲಿಂದ ಸೈಕಲ್ಲುಗಳು ಗಂಟೆ ಬಾರಿಸುತ್ತ ಒಂದೊಂದಾಗಿ ದಾಟಿ ಹೋದವು.